ಗ್ಯಾಂಬಿಯಾದ ಗೋಲಿ ಮತ: ಒಂದು ಸಾಕ್ಷ್ಯದ ಕಥೆ

ಕಳೆದ ತಿಂಗಳು ಜುಮಾ ಖುತ್ಬಾದಲ್ಲಿ ಸಾಕ್ಷ್ಯ ಮತ್ತು ಅಮಾನತ್‌ನ ವಿಷಯ ಹೇಳುವಾಗ ಗ್ಯಾಂಬಿಯಾ ಎಂಬ ದೇಶದ ಚುನಾವಣೆಯನ್ನು ಎರಡು ಮಾತಿನಲ್ಲಿ ಪ್ರಸ್ತಾಪಿಸಿದ್ದೆ. ಮಿಂಬರ್‌ನಲ್ಲಿ ಅದಕ್ಕಿಂತ ಹೆಚ್ಚು ವಿವರಿಸಲು ಸಮಯವಿರಲಿಲ್ಲ. ನಮಾಝ್ ಮುಗಿದ ಮೇಲೆ ಕೆಲವು ಯುವಕರು ಬಂದು, "ಉಸ್ತಾದ್, ಅಲ್ಲಿ ಗೋಲಿ ಹಾಕಿ ಓಟು ಮಾಡುವುದು ನಿಜವಾ?" ಎಂದು ಕೇಳಿದರು. ನಿಜ. ಮಕ್ಕಳು ಬೀದಿಯಲ್ಲಿ ಆಡುವ ಗಾಜಿನ ಗೋಲಿಯಂಥದ್ದೇ ಗೋಲಿ. ಆದರೆ ಆ ಗೋಲಿಯ ಹಿಂದಿರುವ ವಿಷಯ ಆಟದ್ದಲ್ಲ. 22 ವರ್ಷ ಆಳಿದ, ಕೈಯಲ್ಲಿ ತಸ್ಬೀಹ್ ಹಿಡಿದು ಮಾತಿಗೊಮ್ಮೆ ಅಲ್ಲಾಹನ ಹೆಸರೆತ್ತುತ್ತಿದ್ದ ಒಬ್ಬ ಸರ್ವಾಧಿಕಾರಿಯನ್ನು ಅದೇ ದೇಶದ ಮುಸಲ್ಮಾನರು ಈ ಗೋಲಿಗಳಿಂದಲೇ ಇಳಿಸಿದರು. ಅದು ಹೇಗೆ ಸಾಧ್ಯವಾಯಿತು, ಅದಕ್ಕಿಂತ ಮೊದಲು ಏಕೆ ಸಾಧ್ಯವಾಗಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಪಶ್ಚಿಮ ಆಫ್ರಿಕಾದ ಭೂಪಟದಲ್ಲಿ ಗ್ಯಾಂಬಿಯಾವನ್ನು ಹುಡುಕಬೇಕಾಗುತ್ತದೆ. ಗ್ಯಾಂಬಿಯಾ ನದಿಯ ಎರಡೂ ದಡಗಳ ಉದ್ದಕ್ಕೆ ಒಂದು ಪಟ್ಟಿಯಂತೆ ಹಬ್ಬಿರುವ ದೇಶ ಅದು. ಮೂರು ಕಡೆ ಸೆನೆಗಲ್, ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು, ಜನಸಂಖ್ಯೆ ಸುಮಾರು 24 ಲಕ್ಷ. ಅವರಲ್ಲಿ ಶೇ. 95ಕ್ಕಿಂತ ಹೆಚ್ಚು ಮುಸ್ಲಿಮರು, ಬಹುಪಾಲು ಮಾಲಿಕಿ ಮದ್‌ಹಬ್‌ನವರು. ಒಂದು ಚಿಕ್ಕ ಕ್ರೈಸ್ತ ಸಮುದಾಯವೂ ಇದೆ. ಮಂಡಿಂಕಾ, ಫುಲಾ, ವೊಲೋಫ್, ಜೋಲಾ ಮುಂತಾದ ಭಾಷೆಗಳು. ಮುಖ್ಯ ಬೆಳೆ ಕಡಲೆಕಾಯಿ. ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1965ರ ಫೆಬ್ರವರಿ 18ರಂದು, ಗಣರಾಜ್ಯವಾದದ್ದು 1970ರಲ್ಲಿ.

ಓದು ಬರಹ ಬಲ್ಲವರು ಕಡಿಮೆಯಿದ್ದ ದೇಶದಲ್ಲಿ ಮತಪತ್ರ ಓದಿ ಗುರುತು ಹಾಕಿ ಎಂದರೆ ಅರ್ಧ ಜನ ಹೊರಗೇ ಉಳಿಯುತ್ತಾರೆ. ಅದಕ್ಕೆ 1960ರ ದಶಕದಲ್ಲಿ ಅಲ್ಲಿ ಕಂಡುಕೊಂಡ ಪರಿಹಾರ ಗೋಲಿ. ಇದನ್ನು ಕೇಳಿ ನಗುವವರು ನಮ್ಮ ದೇಶದ ಮೊದಲ ಮಹಾಚುನಾವಣೆಯನ್ನು ನೆನೆಯಬೇಕು. 1951-52ರಲ್ಲಿ ನಮ್ಮಲ್ಲೂ ಪ್ರತಿ ಅಭ್ಯರ್ಥಿಗೆ ಒಂದೊಂದು ಪ್ರತ್ಯೇಕ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಮತದಾರ ಚೀಟಿಯ ಮೇಲೆ ಏನೂ ಬರೆಯದೆ ತನಗೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ನಾವು ಅದನ್ನು ಬಿಟ್ಟು ಮುಂದೆ ಬಂದೆವು, ಅವರು ಅದನ್ನೇ ಉಳಿಸಿಕೊಂಡು ಚೊಕ್ಕಗೊಳಿಸಿದರು.

ಗೋಲಿ ಕೈಗೆ ಬಂದ ಮೇಲೆ

ಮತಗಟ್ಟೆಗೆ ಬಂದವರು ಮತದಾರರ ಕಾರ್ಡ್ ತೋರಿಸುತ್ತಾರೆ. ಪಟ್ಟಿಯಲ್ಲಿ ಹೆಸರು ನೋಡಿ, ಬೆರಳಿಗೆ ಶಾಯಿ ಹಚ್ಚಿ, ಅಧಿಕಾರಿ ಒಂದೇ ಒಂದು ಗೋಲಿ ಕೊಡುತ್ತಾರೆ. (ಬೆರಳಿನ ಶಾಯಿ ಎಂದಾಗ ನಮ್ಮ ಮೈಸೂರಿನ ನೆನಪಾಗುವುದು ಸಹಜ. ನಮ್ಮ ದೇಶದ ಚುನಾವಣೆಗಳಿಗೆ 1962ರಿಂದ ಶಾಯಿ ಕೊಡುತ್ತಿರುವ ಮೈಸೂರು ಪೇಂಟ್ಸ್ ಕಾರ್ಖಾನೆ ಆಫ್ರಿಕಾದ ಹಲವು ದೇಶಗಳಿಗೂ ಅದನ್ನು ಕಳಿಸಿದೆ.) ಗೋಲಿ ಹಿಡಿದು ಮತದಾರರು ಮರೆಯ ಜಾಗಕ್ಕೆ ಹೋಗುತ್ತಾರೆ. ಅಲ್ಲಿ ಅಭ್ಯರ್ಥಿಗೊಂದರಂತೆ ತಗಡಿನ ಡ್ರಮ್‌ಗಳು ಸಾಲಾಗಿ ನಿಂತಿರುತ್ತವೆ. ಒಂದೊಂದಕ್ಕೂ ಒಂದೊಂದು ಬಣ್ಣ, ಮೇಲೆ ಅಭ್ಯರ್ಥಿಯ ಫೋಟೋ ಮತ್ತು ಪಕ್ಷದ ಚಿಹ್ನೆ. 2016ರಲ್ಲಿ ಮೂರು ಡ್ರಮ್‌ಗಳಿದ್ದವು: ಅಧ್ಯಕ್ಷ ಯಾಹ್ಯಾ ಜಮ್ಮೆಯವರದು ಹಸಿರು, ವಿರೋಧ ಪಕ್ಷಗಳ ಒಕ್ಕೂಟದ ಅದಾಮಾ ಬರೋ ಅವರದು ಬೆಳ್ಳಿ ಬಣ್ಣ, ಮಾಮಾ ಕಾಂದೆಯವರದು ನೇರಳೆ.

ಡ್ರಮ್‌ನ ಬಾಯಿ ಪೂರ್ತಿ ಮುಚ್ಚಿರುತ್ತದೆ. ನೆತ್ತಿಯಲ್ಲಿ ಒಂದು ಸಣ್ಣ ಕೊಳವೆ ಮಾತ್ರ. ಗೋಲಿಯನ್ನು ಅದರೊಳಗೆ ಬಿಟ್ಟರೆ ಒಳಗಿರುವ ಪುಟ್ಟ ಗಂಟೆಗೆ ತಾಗಿ 'ಟಣ್' ಎನ್ನುತ್ತದೆ. ಹೊರಗೆ ಕುಳಿತ ಅಧಿಕಾರಿಗೂ ಪಕ್ಷಗಳ ಏಜೆಂಟರಿಗೂ ಆ ಸದ್ದು ಕೇಳಬೇಕು. ಒಂದು ಸಲ ಕೇಳಿದರೆ ಸರಿ. ಎರಡು ಸಲ ಕೇಳಿದರೆ ಯಾರೋ ಮನೆಯಿಂದ ಗೋಲಿ ತಂದಿದ್ದಾರೆ ಎಂದರ್ಥ. ಡ್ರಮ್‌ನ ತಳದಲ್ಲಿ ಮರಳು ಅಥವಾ ಮರದ ಹುಡಿ ಹಾಕಿರುತ್ತಾರೆ, ಬಿದ್ದ ಗೋಲಿ ಮತ್ತೊಂದು ಗೋಲಿಗೆ ತಾಗಿ ಸದ್ದು ಮಾಡಬಾರದಲ್ಲ. ಮತದಾನದ ದಿನ ಮತಗಟ್ಟೆಯ ಹತ್ತಿರ ಸೈಕಲ್ ತರುವಂತಿಲ್ಲ. ಏಕೆಂದರೆ ಸೈಕಲ್ ಬೆಲ್ಲಿನ ಸದ್ದೂ ಅದೇ ರೀತಿ. ನಮ್ಮಲ್ಲಿ ಮತಯಂತ್ರದ 'ಬೀಪ್' ಮಾಡುವ ಕೆಲಸವನ್ನು ಅಲ್ಲಿ ಗಂಟೆ ಮಾಡುತ್ತದೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ.

ನನಗೆ ಬಹಳ ಹಿಡಿಸಿದ್ದು ಒಂದು ಸೂಕ್ಷ್ಮ. ಯಾವ ಡ್ರಮ್‌ಗೆ ಗೋಲಿ ಬಿದ್ದರೂ ಹೊರಗೆ ಕೇಳುವುದು ಅದೇ 'ಟಣ್'. ಒಬ್ಬರು ಸಾಕ್ಷ್ಯ ನುಡಿದರು ಎಂಬುದು ಎಲ್ಲರಿಗೂ ತಿಳಿಯುತ್ತದೆ. ಯಾರ ಪರವಾಗಿ ನುಡಿದರು ಎಂಬುದು ಅವರಿಗೂ ಅಲ್ಲಾಹನಿಗೂ ಮಾತ್ರ ತಿಳಿದಿರುತ್ತದೆ.

ಎಣಿಕೆಯೂ ಹೀಗೇ ಸರಳ. ಡ್ರಮ್ ಬಿಚ್ಚಿ, ಗೋಲಿಗಳನ್ನು ಗುಳಿಗಳಿರುವ ಹಲಗೆಯ ಮೇಲೆ ಸುರಿಯುತ್ತಾರೆ. ನಮ್ಮ ಕರಾವಳಿಯ ಚೆನ್ನೆಮಣೆಯನ್ನು ನೆನೆದುಕೊಳ್ಳಿ, ಆದರೆ ಗುಳಿಗಳು 200 ಅಥವಾ 500. ಒಂದು ಗುಳಿಗೆ ಒಂದೇ ಗೋಲಿ. ಹಲಗೆ ತುಂಬಿದರೆ ಲೆಕ್ಕ ಕಣ್ಣಿಗೇ ಕಾಣುತ್ತದೆ, ಓದು ಬಾರದ ಏಜೆಂಟನೂ ತಪ್ಪು ಹಿಡಿಯಬಹುದು. ಇನ್ನೊಂದು ಲಾಭವೂ ಇದೆ. ಕಾಗದದ ಮತದಲ್ಲಿ ಗುರುತು ಗೆರೆಯ ಮೇಲೆ ಬಿತ್ತು, ಶಾಯಿ ಹರಡಿತು ಎಂದು ಸಾವಿರಾರು ಮತಗಳು ತಿರಸ್ಕೃತವಾಗುತ್ತವೆ. ಕೊಳವೆಯೊಳಗೆ ಬಿದ್ದ ಗೋಲಿ ಮಾತ್ರ ಹಾಳಾಗುವ ಪ್ರಶ್ನೆಯೇ ಇಲ್ಲ.

ಅಧ್ಯಕ್ಷರನ್ನು ಐದು ವರ್ಷಕ್ಕೊಮ್ಮೆ ಜನರೇ ನೇರವಾಗಿ ಆರಿಸುತ್ತಾರೆ. ಒಂದೇ ಸುತ್ತು, ಉಳಿದವರಿಗಿಂತ ಒಂದು ಗೋಲಿ ಹೆಚ್ಚು ಸಿಕ್ಕವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬೇಕೆಂದಿಲ್ಲ. ಸಂಸತ್ತಿಗೆ 53 ಕ್ಷೇತ್ರಗಳಿಂದ ಸದಸ್ಯರು ಆಯ್ಕೆಯಾಗುತ್ತಾರೆ, ಇನ್ನು ಐವರನ್ನು ಅಧ್ಯಕ್ಷರು ನೇಮಿಸುತ್ತಾರೆ. ಇದನ್ನೆಲ್ಲ ನಡೆಸಲು ಸ್ವತಂತ್ರ ಚುನಾವಣಾ ಆಯೋಗವಿದೆ. ಮತದಾರರ ಪಟ್ಟಿಗೆ ಸೇರುವಾಗ ಜನನ ಪತ್ರವಾಗಲಿ ಗುರುತಿನ ಚೀಟಿಯಾಗಲಿ ಇಲ್ಲದವರು ಊರಿನ ಮುಖಂಡರಿಂದ ದೃಢೀಕರಣ ತರಬಹುದು. ಊರಿನ ಮುಖಂಡನನ್ನು ಅಲ್ಲಿ 'ಅಲ್ಕಾಲೋ' ಎನ್ನುತ್ತಾರೆ. ಅರಬಿಯ 'ಅಲ್ ಖಾಝಿ'ಯಿಂದ ಬಂದ ಪದವದು ಎಂದು ಹೇಳುತ್ತಾರೆ. ಅಂದರೆ ಪಟ್ಟಿಯಲ್ಲಿ ಹೆಸರು ಬರುವುದೂ ಒಬ್ಬರ ಸಾಕ್ಷ್ಯದಿಂದಲೇ.

ಮತ ಎಂದರೆ ಶರೀಅತ್‌ನಲ್ಲಿ ಏನು?

ಈ ಪ್ರಶ್ನೆಯನ್ನು ನಮ್ಮ ಉಪಖಂಡದ ಉಲಮಾಗಳು ಗಂಭೀರವಾಗಿ ಚರ್ಚಿಸಿದ್ದಾರೆ. ದೇವಬಂದ್‌ನಲ್ಲಿ ಮುಫ್ತಿಯಾಗಿದ್ದು ನಂತರ ಕರಾಚಿಯಲ್ಲಿ ನೆಲೆಸಿದ ಮುಫ್ತಿ ಮುಹಮ್ಮದ್ ಶಫೀ ಅವರು ಮತಕ್ಕೆ ಮೂರು ಮುಖಗಳಿವೆ ಎಂದು ವಿವರಿಸಿದರು. ಮೊದಲನೆಯದು ಶಹಾದತ್, ಅಂದರೆ ಸಾಕ್ಷ್ಯ. ಈ ವ್ಯಕ್ತಿ ಈ ಕೆಲಸಕ್ಕೆ ಅರ್ಹ, ಪ್ರಾಮಾಣಿಕ ಎಂದು ನಾನು ಸಾಕ್ಷಿ ಹೇಳುತ್ತಿದ್ದೇನೆ. ಎರಡನೆಯದು ಶಫಾಅತ್, ಶಿಫಾರಸು. ಮೂರನೆಯದು ವಕಾಲತ್: ನನ್ನ ಪರವಾಗಿ, ನನ್ನೊಬ್ಬನದಲ್ಲ, ಇಡೀ ಜನರ ಪರವಾಗಿ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸುವುದು. ಈ ಮೂರರಲ್ಲಿ ಅತ್ಯಂತ ಭಾರವಾದದ್ದು ಮೊದಲನೆಯದು. ಪ್ರವಾದಿವರ್ಯರು(ಸ) ಮಹಾಪಾಪಗಳನ್ನು ಹೇಳುವಾಗ ಒರಗಿ ಕುಳಿತಿದ್ದವರು ಎದ್ದು ನೆಟ್ಟಗೆ ಕುಳಿತು, ಸುಳ್ಳು ಸಾಕ್ಷ್ಯದ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದನ್ನು ಹದೀಸ್‌ಗಳಲ್ಲಿ ಓದಿದ್ದೇವೆ. ಸಾಕ್ಷ್ಯವನ್ನು ಬಚ್ಚಿಡುವುದನ್ನೂ ಕುರ್‌ಆನ್ ಹೃದಯದ ಪಾಪವೆಂದು ಹೇಳುತ್ತದೆ. ಹಣಕ್ಕೆ ಮತ ಹಾಕುವುದು, ಮನೆಯಲ್ಲೇ ಕುಳಿತು ಹಾಕದಿರುವುದು, ಈ ಎರಡೂ ಯಾವ ಸಾಲಿಗೆ ಸೇರುತ್ತವೆ ಎಂದು ಬೇರೆ ಹೇಳಬೇಕಿಲ್ಲ.

ಹಾಗಾದರೆ ಗುಟ್ಟಾಗಿ ಮತ ಹಾಕುವುದು ಸಾಕ್ಷ್ಯವನ್ನು ಬಚ್ಚಿಟ್ಟಂತೆ ಆಗುವುದಿಲ್ಲವೇ ಎಂದು ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಇಲ್ಲಿ ಬಚ್ಚಿಡುವುದು ಸಾಕ್ಷ್ಯವನ್ನಲ್ಲ, ಸಾಕ್ಷಿಯ ಹೆಸರನ್ನು. ಸಾಕ್ಷ್ಯ ಪೂರ್ತಿಯಾಗಿ ಎಣಿಕೆಗೆ ಬರುತ್ತದೆ. ಬಲಾಢ್ಯನಿಂದ ಸಾಕ್ಷಿಗೆ ಕೇಡಾಗದಂತೆ ಕಾಯುವುದು ನ್ಯಾಯದ ಭಾಗವೇ. ಗ್ಯಾಂಬಿಯಾದಲ್ಲಿ ಅದರ ಅಗತ್ಯ ಎಷ್ಟಿತ್ತು ಎಂಬುದನ್ನು ಈಗ ನೋಡೋಣ.

ಅದೇ ಡ್ರಮ್, ಆದರೂ ಭಯ

ಸ್ವಾತಂತ್ರ್ಯದ ನಂತರ ದೇಶ ನಡೆಸಿದವರು ಪಶುವೈದ್ಯರಾಗಿದ್ದ ದಾವ್ದಾ ಜವಾರಾ. 1994ರ ಜುಲೈ 22ರಂದು 29 ವರ್ಷದ ಲೆಫ್ಟಿನೆಂಟ್ ಯಾಹ್ಯಾ ಜಮ್ಮೆ ಸೈನಿಕರೊಂದಿಗೆ ಬಂದು ಅವರನ್ನು ಇಳಿಸಿದರು. ಎರಡು ವರ್ಷದ ನಂತರ ಚುನಾವಣೆಯನ್ನೂ ನಡೆಸಿದರು, ಆದರೆ ಹಳೆಯ ಮುಖ್ಯ ಪಕ್ಷಗಳನ್ನು ನಿಷೇಧಿಸಿ. 1996, 2001, 2006, 2011, ನಾಲ್ಕೂ ಸಲ ಗೆದ್ದರು. 2011ರಲ್ಲಿ ಸುಮಾರು ಶೇ. 72 ಮತ. ಗಮನಿಸಿ, ಆ ಎಲ್ಲ ಚುನಾವಣೆಗಳಲ್ಲೂ ಇದೇ ಡ್ರಮ್, ಇದೇ ಗಂಟೆ, ಇದೇ ಗೋಲಿ. ಆ ವರ್ಷ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟವಾದ ಎಕೋವಾಸ್ ವೀಕ್ಷಕರನ್ನು ಕಳಿಸಲು ಒಪ್ಪಲಿಲ್ಲ. ಅಲ್ಲಿನ ಮತದಾರರು ಬೆದರಿಕೆಯಿಂದ ಕುಗ್ಗಿಹೋಗಿದ್ದಾರೆ ಎಂಬುದು ಅದು ಕೊಟ್ಟ ಕಾರಣ.

ಡ್ರಮ್‌ನಲ್ಲಿ ಮೋಸ ಮಾಡಬೇಕಾದ ಅಗತ್ಯ ಜಮ್ಮೆಯವರಿಗೆ ಇರಲಿಲ್ಲ. ಗೋಲಿ ಕೈಗೆ ಬರುವ ಮೊದಲೇ ಕೆಲಸ ಮುಗಿಯುತ್ತಿತ್ತು. ರೇಡಿಯೋ, ಟಿವಿ ಅವರದು. 'ದಿ ಪಾಯಿಂಟ್' ಪತ್ರಿಕೆಯ ಸಂಪಾದಕ ದೈದಾ ಹೈದರಾ ಅವರನ್ನು 2004ರ ಡಿಸೆಂಬರ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಮುಂದೆ 2015ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಕಟ್ಟಬೇಕಾದ ಠೇವಣಿಯನ್ನು 10,000 ದಲಾಸಿಯಿಂದ 5 ಲಕ್ಷ ದಲಾಸಿಗೆ ಏರಿಸಿದರು. ಬಡ ದೇಶದಲ್ಲಿ ಅಷ್ಟು ಹಣ ಯಾರ ಬಳಿ ಇರುತ್ತದೆ? ಸಾಕ್ಷಿ ಹೇಳುವವರನ್ನು ಹೆದರಿಸಿ, ಸ್ಪರ್ಧಿಸುವವರನ್ನು ಬಾಗಿಲಲ್ಲೇ ತಡೆದರೆ ಸಾಕ್ಷ್ಯದ ಪೆಟ್ಟಿಗೆ ಎಷ್ಟು ಚೊಕ್ಕವಾಗಿದ್ದರೇನು.

ಇದರ ಜೊತೆಗೇ ಧರ್ಮದ ಮಾತು. ಜಮ್ಮೆ ಸದಾ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ಕುರ್‌ಆನ್ ಮತ್ತು ತಸ್ಬೀಹ್ ಹಿಡಿದೇ ಕಾಣಿಸಿಕೊಳ್ಳುತ್ತಿದ್ದರು. ತನ್ನ ಹೆಸರಿನ ಹಿಂದೆ ಮುಂದೆ ಶೇಖ್, ಪ್ರೊಫೆಸರ್, ಅಲ್ಹಾಜಿ, ಡಾಕ್ಟರ್ ಎಂದೆಲ್ಲ ಸೇರಿಸಿಕೊಂಡರು. ಏಡ್ಸ್ ಗುಣಪಡಿಸುವ ಔಷಧಿ ತನ್ನಲ್ಲಿದೆ ಎಂದರು. ಅಲ್ಲಾಹನು ಬಯಸಿದರೆ ನೂರು ಕೋಟಿ ವರ್ಷ ಆಳುತ್ತೇನೆ ಎಂಬರ್ಥದ ಮಾತನ್ನು 2011ರಲ್ಲಿ ಬಿಬಿಸಿಗೆ ಹೇಳಿದರು. 2015ರ ಡಿಸೆಂಬರ್‌ನಲ್ಲಿ ದೇಶವನ್ನು 'ಇಸ್ಲಾಮಿಕ್ ಗಣರಾಜ್ಯ' ಎಂದು ಘೋಷಿಸಿದರು. ಜನರನ್ನು ಕೇಳಲಿಲ್ಲ, ಒಂದು ಭಾಷಣದಲ್ಲಿ ಹೇಳಿದರು, ಅಷ್ಟೇ. ಆ ಹೆಸರು ಬಂದ ಮೇಲೆ ಸೆರೆಮನೆಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರಿಗೆ ನ್ಯಾಯ ಸಿಗಲಿಲ್ಲ. ಹೆಸರಿನಿಂದ ನ್ಯಾಯ ಬರುವುದಾಗಿದ್ದರೆ ಎಷ್ಟು ಸುಲಭವಿತ್ತು!

ಒಬ್ಬ ಖತೀಬನಾಗಿ ನನ್ನನ್ನು ಹೆಚ್ಚು ಕಾಡಿದ್ದು ಇಮಾಮ್ ಬಾಬಾ ಲೇ ಅವರ ಪ್ರಸಂಗ. 2012ರ ಆಗಸ್ಟ್‌ನಲ್ಲಿ ಈದುಲ್ ಫಿತ್ರ್ ಸಂದೇಶದಲ್ಲೇ ಜಮ್ಮೆ ಮರಣದಂಡನೆಗೆ ಗುರಿಯಾದ ಕೈದಿಗಳನ್ನೆಲ್ಲ ಕೊಲ್ಲುವುದಾಗಿ ಹೇಳಿದರು. ಕೆಲವೇ ದಿನಗಳಲ್ಲಿ ಒಂಬತ್ತು ಮಂದಿಯನ್ನು ಕೊಲ್ಲಲಾಯಿತು. ಇಮಾಮ್ ಬಾಬಾ ಲೇ ಇದನ್ನು ಬಹಿರಂಗವಾಗಿ ಖಂಡಿಸಿದರು. ಇದು ಇಸ್ಲಾಮಿಗೆ ವಿರುದ್ಧ, ಕನಿಷ್ಠ ಮಯ್ಯಿತ್‌ಗಳನ್ನಾದರೂ ದಫನ ಮಾಡಲು ಮನೆಯವರಿಗೆ ಕೊಡಿ ಎಂದರು. ಆ ಡಿಸೆಂಬರ್‌ನಲ್ಲಿ ಗುಪ್ತಚರ ಸಂಸ್ಥೆಯವರು ಅವರನ್ನು ಎತ್ತಿಕೊಂಡು ಹೋದರು. ಐದು ತಿಂಗಳು ಹೊರಗಿನವರ ಸಂಪರ್ಕವಿಲ್ಲದೆ ಇಟ್ಟು, ಹಿಂಸಿಸಿ, 2013ರ ಮೇ ತಿಂಗಳಲ್ಲಿ ಬಿಟ್ಟರು. ಆಡಳಿತವನ್ನು ಹೊಗಳಿಕೊಂಡು ನೆಮ್ಮದಿಯಿಂದಿದ್ದ ಇಮಾಮರೂ ಅಲ್ಲಿ ಇದ್ದರು. ಅವರ ಹೆಸರು ಇಲ್ಲಿ ಬೇಡ.

2016: ಎಣಿಕೆಯ ಜಾಗ ಬದಲಾಯಿತು

2016ರ ಏಪ್ರಿಲ್ 14ರಂದು ಯುನೈಟೆಡ್ ಡೆಮಾಕ್ರಟಿಕ್ ಪಾರ್ಟಿಯ ಯುವ ಮುಖಂಡ ಸೋಲೋ ಸಂಡೆಂಗ್ ಕೆಲವೇ ಮಂದಿಯೊಡನೆ ಬೀದಿಗಿಳಿದರು. ಬೇಡಿಕೆ ಒಂದೇ, ಚುನಾವಣಾ ಸುಧಾರಣೆ. ಅವರನ್ನು ಬಂಧಿಸಲಾಯಿತು. ಬಂಧನದಲ್ಲೇ ಹಿಂಸೆಯಿಂದ ಅವರು ಪ್ರಾಣಬಿಟ್ಟರು. ಎರಡು ದಿನದ ನಂತರ, ಸಂಡೆಂಗ್ ಎಲ್ಲಿ ಎಂದು ಕೇಳಲು ಹೊರಟ ಪಕ್ಷದ ನಾಯಕ ಉಸೈನು ದರ್ಬೋ ಅವರನ್ನೂ ಬಂಧಿಸಿ, ಜುಲೈಯಲ್ಲಿ ಮೂರು ವರ್ಷದ ಸಜೆ ವಿಧಿಸಿದರು. ಚುನಾವಣೆಗೆ ಐದು ತಿಂಗಳೂ ಇಲ್ಲದಿರುವಾಗ ಮುಖ್ಯ ವಿರೋಧಿ ಜೈಲಿನಲ್ಲಿ. ಪಕ್ಷದ ಖಜಾಂಚಿಯಾಗಿದ್ದ ಅದಾಮಾ ಬರೋ ಎಂಬ ಹೆಚ್ಚು ಪರಿಚಯವಿಲ್ಲದ ವ್ಯಾಪಾರಿ ಮುಂದೆ ಬಂದರು. ಒಂದು ಕಾಲದಲ್ಲಿ ಲಂಡನ್‌ನ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದವರು. ಯಾವಾಗಲೂ ಪರಸ್ಪರ ಕಾಲೆಳೆಯುತ್ತಿದ್ದ ವಿರೋಧ ಪಕ್ಷಗಳು ಅಕ್ಟೋಬರ್ ಕೊನೆಯಲ್ಲಿ ಕೂಡಿ ಕುಳಿತು ಅವರನ್ನೇ ಒಮ್ಮತದ ಅಭ್ಯರ್ಥಿ ಮಾಡಿದವು. ಮಾಮಾ ಕಾಂದೆ ಮಾತ್ರ ಹೊರಗೆ ಉಳಿದರು.

ಆ ಚುನಾವಣೆಯಲ್ಲಿ ಒಂದು ನಿಯಮ ಹೊಸದಾಗಿತ್ತು. ನೋಡಲು ಸಣ್ಣದು. ಡ್ರಮ್‌ಗಳನ್ನು ದೂರದ ಕೇಂದ್ರಕ್ಕೆ ಸಾಗಿಸದೆ, ಮತದಾನ ಮುಗಿದ ಕೂಡಲೇ ಮತಗಟ್ಟೆಯಲ್ಲೇ ಎಣಿಸುವುದು. ಎಣಿಕೆಯ ಹಾಳೆಗೆ ಎಲ್ಲ ಪಕ್ಷಗಳ ಏಜೆಂಟರ ಸಹಿ. ಇದರ ಪರಿಣಾಮ ಏನು ಗೊತ್ತೇ? ರಾಜಧಾನಿಯಲ್ಲಿ ಯಾರೋ ಅಂಕಿ ತಿದ್ದಬೇಕೆಂದರೆ ಊರೂರಿನಲ್ಲಿ ಜನ ಆಗಲೇ ಕಣ್ಣಾರೆ ಕಂಡ ಅಂಕಿಯನ್ನು ತಿದ್ದಬೇಕು. ಡಿಸೆಂಬರ್ 1ರಂದು ಮತದಾನ ನಡೆದಾಗ ಸರ್ಕಾರ ಇಂಟರ್‌ನೆಟ್ ಮತ್ತು ವಿದೇಶಿ ಫೋನ್ ಕರೆಗಳನ್ನು ಕಡಿದುಹಾಕಿತ್ತು. ಗುಳಿಗಳಲ್ಲಿ ಕುಳಿತ ಗೋಲಿಗಳಿಗೆ ಇಂಟರ್‌ನೆಟ್ ಬೇಕಿರಲಿಲ್ಲ.

ಮರುದಿನ ಆಯೋಗದ ಅಧ್ಯಕ್ಷ ಅಲಿಯು ಮೋಮರ್ ಎನ್‌ಜಾಯ್ ಫಲಿತಾಂಶ ಓದಿದರು. ಬರೋ ಗೆದ್ದಿದ್ದರು. ಜಗತ್ತೇ ಬೆರಗಾಯಿತು. ಅದಕ್ಕಿಂತ ಬೆರಗು, ಜಮ್ಮೆ ಟಿವಿಯಲ್ಲಿ ಬಂದು ಸೋಲು ಒಪ್ಪಿಕೊಂಡರು, ಕ್ಯಾಮೆರಾದ ಮುಂದೆಯೇ ಬರೋಗೆ ಫೋನ್ ಮಾಡಿ ಶುಭ ಹಾರೈಸಿದರು. ಮುಸಲ್ಮಾನನಾಗಿ ಅಲ್ಲಾಹನ ತೀರ್ಮಾನವನ್ನು ತಾನು ಪ್ರಶ್ನಿಸುವವನಲ್ಲ ಎಂಬರ್ಥದಲ್ಲಿ ಮಾತಾಡಿದರು. ನಮ್ಮ ಮತದಾನದಲ್ಲಿ ಮೋಸಕ್ಕೆ ಎಡೆಯೇ ಇಲ್ಲ ಎಂದು ಮೊದಲಿನಿಂದ ಹೇಳಿಕೊಂಡು ಬಂದವರೂ ಅವರೇ.

ಡಿಸೆಂಬರ್ 5ರಂದು ಆಯೋಗ ಒಂದು ತಿದ್ದುಪಡಿ ಹೊರಡಿಸಿತು. ಒಂದು ಪ್ರದೇಶದ ಲೆಕ್ಕ ಕೂಡಿಸುವಾಗ ತಪ್ಪಾಗಿತ್ತು, ಬರೋ ಅವರ ಮತ ಹೆಚ್ಚಾಗಿ ತೋರಿಸಿತ್ತು. ಸರಿಪಡಿಸಿದ ಲೆಕ್ಕದಲ್ಲಿ ಬರೋಗೆ 2,27,708 (ಶೇ. 43.3), ಜಮ್ಮೆಗೆ 2,08,487 (ಶೇ. 39.6), ಕಾಂದೆಗೆ 89,768 (ಶೇ. 17.1). ಅಂತರ ಕಡಿಮೆಯಾಯಿತು, ಗೆದ್ದವರು ಬದಲಾಗಲಿಲ್ಲ. ಸಾಕ್ಷ್ಯದ ಲೆಕ್ಕ ಹಿಡಿಯುವವರು ತಪ್ಪು ಕಂಡಾಗ ತಾವೇ ಮುಂದೆ ಬಂದು ಹೇಳಿದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ಕಥೆಯ ದೊಡ್ಡ ಘಟನೆ. ಅವರು ಸುಮ್ಮನಿದ್ದಿದ್ದರೆ ಗೆದ್ದವರಿಗೆ ಖುಷಿಯೇ ಆಗುತ್ತಿತ್ತು. ನ್ಯಾಯದ ಸಾಕ್ಷ್ಯ ನಮ್ಮವರಿಗೇ ವಿರುದ್ಧವಾದರೂ ಹೇಳಬೇಕೆಂದು ಸೂರಃ ಅನ್ನಿಸಾ ಕಲಿಸುವುದನ್ನು ನಾವು ವರ್ಷಕ್ಕೆ ಎಷ್ಟು ಸಲ ಓದುತ್ತೇವೆ!

ಈ ಅಂಕಿಗಳಲ್ಲಿ ಇನ್ನೂ ಎರಡು ವಿಷಯಗಳಿವೆ. ಬರೋ ಅರ್ಧಕ್ಕಿಂತ ಕಡಿಮೆ ಮತ ಪಡೆದು ಗೆದ್ದರು. ಮೊದಲಿದ್ದ ನಿಯಮದಂತೆ ಯಾರಿಗೂ ಅರ್ಧ ದಾಟದಿದ್ದರೆ ಎರಡನೇ ಸುತ್ತು ನಡೆಯಬೇಕಿತ್ತು. ಆ ನಿಯಮವನ್ನು ತೆಗೆದು ಒಂದೇ ಸುತ್ತು ಮಾಡಿದ್ದು ಜಮ್ಮೆಯವರ ಆಡಳಿತವೇ, 2000ರ ದಶಕದ ಆರಂಭದಲ್ಲಿ. ವಿರೋಧಿಗಳು ಒಡೆದು ಹೋಗಿದ್ದಷ್ಟು ಕಾಲ ಆ ನಿಯಮ ಅವರಿಗೇ ಅನುಕೂಲ. ವಿರೋಧಿಗಳು ಕೂಡಿದ ದಿನ ಅದು ಅವರ ವಿರುದ್ಧವೇ ತಿರುಗಿತು. ಎರಡನೆಯದು: ಪಟ್ಟಿಯಲ್ಲಿದ್ದ 8,86,578 ಮತದಾರರಲ್ಲಿ ಮತ ಹಾಕಿದವರು ಶೇ. 59 ಮಾತ್ರ. ಹಾಕದವರ ಸಂಖ್ಯೆ ಮೂರೂವರೆ ಲಕ್ಷಕ್ಕಿಂತ ಹೆಚ್ಚು, ಅಂದರೆ ಗೆದ್ದವರ ಮತಕ್ಕಿಂತಲೂ ಹೆಚ್ಚು. ಗೆದ್ದವರಿಗೂ ಸೋತವರಿಗೂ ನಡುವಿನ ಅಂತರ ಹತ್ತೊಂಬತ್ತು ಸಾವಿರ ಚಿಲ್ಲರೆ.

ಅಧಿಕಾರ ಬಿಡದ ನಲವತ್ತಮೂರು ದಿನ

ಡಿಸೆಂಬರ್ 9ರಂದು ಜಮ್ಮೆ ಮಾತು ತಿರುಗಿಸಿದರು. ಲೆಕ್ಕದ ತಪ್ಪನ್ನೇ ನೆಪ ಮಾಡಿ ಫಲಿತಾಂಶ ಒಪ್ಪುವುದಿಲ್ಲ ಎಂದರು. ಹೊಸ ಚುನಾವಣೆ ಬೇಕು, ಅದನ್ನು ದೇವಭಯವಿರುವ ಆಯೋಗ ನಡೆಸಬೇಕು ಎಂದರು. ಅಲ್ಲಾಹನ ತೀರ್ಮಾನವನ್ನು ಪ್ರಶ್ನಿಸುವುದಿಲ್ಲ ಎಂದು ಹೇಳಿ ಒಂದು ವಾರವಾಗಿತ್ತು. ದೇವಭಯದಿಂದಲೇ ತಪ್ಪು ತಿದ್ದಿದವರಿಗೆ ದೇವಭಯವಿಲ್ಲವೆಂಬ ಆರೋಪ! ಭದ್ರತಾ ಪಡೆಗಳು ಆಯೋಗದ ಕಚೇರಿಯನ್ನು ವಶಪಡಿಸಿಕೊಂಡವು. ಎನ್‌ಜಾಯ್ ಜನವರಿಯಲ್ಲಿ ದೇಶ ಬಿಟ್ಟು ಹೋಗಬೇಕಾಯಿತು.

ಇಲ್ಲಿ ವ್ಯವಸ್ಥೆಯ ಇನ್ನೊಂದು ತುಂಡು ಬಯಲಾಯಿತು. ಫಲಿತಾಂಶದ ಮೇಲೆ ತಕರಾರಿದ್ದರೆ ಸುಪ್ರೀಂ ಕೋರ್ಟಿಗೆ ಹೋಗಬೇಕು. ಜಮ್ಮೆಯ ಪಕ್ಷ ಹೋಯಿತು. ಆದರೆ ಕೋರ್ಟಿನಲ್ಲಿ ಕುಳಿತು ಕೇಳಲು ಬೇಕಾದಷ್ಟು ನ್ಯಾಯಾಧೀಶರೇ ಇರಲಿಲ್ಲ. ಒಂದೂವರೆ ವರ್ಷದಿಂದ ಪೀಠವನ್ನು ಭರ್ತಿ ಮಾಡದೆ ಬಿಟ್ಟಿದ್ದವರು ಜಮ್ಮೆಯೇ. ನೈಜೀರಿಯಾದಂಥ ದೇಶಗಳಿಂದ ನ್ಯಾಯಾಧೀಶರನ್ನು ಕರೆಸಬೇಕಿತ್ತು. ಅವರು ಬರಲಿಲ್ಲ. ತಾನೇ ಮುಚ್ಚಿದ ನ್ಯಾಯದ ಬಾಗಿಲು ತನಗೆ ಬೇಕಾದಾಗಲೂ ತೆರೆಯಲಿಲ್ಲ.

ಯುದ್ಧವಾಗುತ್ತದೆಂಬ ಭಯದಲ್ಲಿ ಸುಮಾರು 45,000 ಜನ ಗಡಿ ದಾಟಿ ಸೆನೆಗಲ್‌ಗೆ ಹೋದರು. ಹೆಂಗಸರು, ಮಕ್ಕಳೇ ಹೆಚ್ಚು. ಬರೋ ಅವರನ್ನೂ ಸುರಕ್ಷತೆಗಾಗಿ ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ಇರಿಸಿದರು. ಆ ದಿನಗಳಲ್ಲೇ ಗ್ಯಾಂಬಿಯಾದಲ್ಲಿ ಅವರ ಎಂಟು ವರ್ಷದ ಮಗನಿಗೆ ನಾಯಿ ಕಚ್ಚಿತು, ಮಗು ಉಳಿಯಲಿಲ್ಲ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ದೇಶದ ಆಯ್ಕೆಯಾದ ಅಧ್ಯಕ್ಷ ಸ್ವಂತ ಮಗನ ಜನಾಝಕ್ಕೆ ಹೋಗಲಾಗಲಿಲ್ಲ. ಮೂರ್ನಾಲ್ಕು ದಿನದ ನಂತರ, ಜನವರಿ 19ರಂದು, ಡಕಾರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯ ಒಂದು ಚಿಕ್ಕ ಕೋಣೆಯಲ್ಲಿ ಅವರು ಪ್ರಮಾಣವಚನ ತೆಗೆದುಕೊಂಡರು.

ಅದೇ ದಿನ ಸೆನೆಗಲ್, ನೈಜೀರಿಯಾ, ಘಾನಾ ಮುಂತಾದ ಎಕೋವಾಸ್ ದೇಶಗಳ ಸೇನೆ ಗಡಿ ದಾಟಿತು. ಜಮ್ಮೆಯ ಸೈನಿಕರು ಗುಂಡು ಹಾರಿಸಲಿಲ್ಲ. ಗಿನಿ ಮತ್ತು ಮಾರಿಟೇನಿಯಾದ ಅಧ್ಯಕ್ಷರು ಬಾಂಜುಲ್‌ಗೆ ಬಂದು ಜಮ್ಮೆಯ ಮನವೊಲಿಸಿದರು. ಜನವರಿ 21ರ ರಾತ್ರಿ ಅವರು ವಿಮಾನ ಹತ್ತಿ ಈಕ್ವಟೋರಿಯಲ್ ಗಿನಿಗೆ ಹೋದರು. ಅಲ್ಹಮ್ದುಲಿಲ್ಲಾಹ್, ದೊಡ್ಡ ರಕ್ತಪಾತ ತಪ್ಪಿತು. ಪರದೇಶದ ಸೇನೆ ಒಳಗೆ ಬರುವುದು ಒಳ್ಳೆಯ ಮಾದರಿಯೇನಲ್ಲ, ಎಲ್ಲ ಕಡೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ಆದರೆ ಅವರು ಯಾವ ಆಧಾರದ ಮೇಲೆ ಬಂದರು ಎಂಬುದನ್ನು ನೋಡಬೇಕು. ಊರೂರಿನಲ್ಲಿ ಸಹಿ ಬಿದ್ದ ಎಣಿಕೆಯ ಹಾಳೆಗಳು ಇಲ್ಲದಿದ್ದರೆ ಯಾರು ಗೆದ್ದರು ಎಂಬುದೇ ವಾದವಾಗಿ ಉಳಿಯುತ್ತಿತ್ತು.

ಬರೋ ಬಂದ ಮೇಲೆ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ದೇಶದ ಹೆಸರಿನಿಂದ 'ಇಸ್ಲಾಮಿಕ್' ಪದವನ್ನು ತೆಗೆದದ್ದು. ಇದನ್ನು ಕೇಳಿ ನಮ್ಮಲ್ಲಿ ಕೆಲವರಿಗೆ ಬೇಸರವಾಗಬಹುದು. ಹೆಸರು ಹೋದರೂ ಮಸೀದಿಗಳು ಹೋಗಲಿಲ್ಲ, ಜುಮಾ ನಿಲ್ಲಲಿಲ್ಲ. ಸಂಡೆಂಗ್ ಅವರ ಕೊಲೆಯ ವಿಚಾರಣೆ ನಡೆದು, 2022ರ ಜುಲೈಯಲ್ಲಿ ಗುಪ್ತಚರ ಸಂಸ್ಥೆಯ ಮಾಜಿ ಮುಖ್ಯಸ್ಥರೂ ಸೇರಿ ಐವರಿಗೆ ಶಿಕ್ಷೆಯಾಯಿತು. 'ಇಸ್ಲಾಮಿಕ್ ಗಣರಾಜ್ಯ'ದಲ್ಲಿ ಸಿಗದ ನ್ಯಾಯ ಬರೀ ಗಣರಾಜ್ಯದಲ್ಲಿ ಸಿಕ್ಕಿತು.

2021ರ ಡಿಸೆಂಬರ್ 4ರ ಚುನಾವಣೆಯಲ್ಲಿ ಆರು ಅಭ್ಯರ್ಥಿಗಳು, ಆರು ಡ್ರಮ್‌ಗಳು. ಈ ಸಲ ಭಯವಿರಲಿಲ್ಲ. 9,62,157 ಮತದಾರರಲ್ಲಿ ಶೇ. 89 ಮಂದಿ ಬಂದರು. ಬರೋ ಶೇ. 53 ಮತ ಪಡೆದು ಮತ್ತೆ ಗೆದ್ದರು. ಜೈಲಿನಿಂದ ಹೊರಬಂದಿದ್ದ ದರ್ಬೋ ಈಗ ಅವರ ಎದುರಾಳಿ, ಶೇ. 28ರ ಹತ್ತಿರ ನಿಂತರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಈ ಸಲ ಕೇಳಲು ನ್ಯಾಯಾಧೀಶರಿದ್ದರು, ಆದರೆ ತಾಂತ್ರಿಕ ಕಾರಣದಿಂದ ಅರ್ಜಿ ವಜಾ ಆಯಿತು. ಅಭ್ಯರ್ಥಿಗಳು ಇನ್ನೂ ಹೆಚ್ಚಾದರೆ ಇಷ್ಟೊಂದು ಡ್ರಮ್ ಎಲ್ಲಿಡುವುದು, ಕಾಗದದ ಮತಪತ್ರಕ್ಕೆ ಹೋಗೋಣವೇ ಎಂಬ ಚರ್ಚೆಯೂ ಅಲ್ಲಿ ನಡೆಯುತ್ತ ಬಂದಿದೆ.

ಹಾಗೆಂದು ಬರೋ ಅವರನ್ನು ವಲಿಯೆಂದು ತಿಳಿಯಬೇಕಿಲ್ಲ. ಮೂರು ವರ್ಷ ಮಾತ್ರ ಇದ್ದು ಹೊಸ ಚುನಾವಣೆ ನಡೆಸುವುದಾಗಿ ಒಕ್ಕೂಟದವರಿಗೆ ಮಾತು ಕೊಟ್ಟವರು ಐದೂ ವರ್ಷ ಕುಳಿತರು. ತನ್ನದೇ ಹೊಸ ಪಕ್ಷ ಕಟ್ಟಿದರು, 2021ರಲ್ಲಿ ಜಮ್ಮೆಯ ಹಳೆಯ ಪಕ್ಷದ ನಾಯಕರ ಜೊತೆಗೇ ಮೈತ್ರಿ ಮಾಡಿಕೊಂಡರು. ಮಗನನ್ನೋ ಗಂಡನನ್ನೋ ಜಮ್ಮೆ ಕಾಲದಲ್ಲಿ ಕಳಕೊಂಡ ಮನೆಗಳಲ್ಲಿ ಇದು ಎಷ್ಟು ನೋವಾಗಿರಬೇಡ. ತಾನು ಸರಿಯಿದ್ದರೆ ಸಹಕರಿಸಿ, ತಪ್ಪಿದರೆ ತಿದ್ದಿ ಎಂದು ಖಲೀಫರಾದ ಮೊದಲ ದಿನವೇ ಹಝ್ರತ್ ಅಬೂಬಕರ್(ರ) ಜನರಿಗೆ ಹೇಳಿದ್ದರು. ತಿದ್ದಲು ಜನರಿಗೆ ಒಂದು ದಾರಿ ಬೇಕು. ಒಬ್ಬರು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಬಾರದು ಎಂಬ ನಿಯಮವಿದ್ದ ಹೊಸ ಸಂವಿಧಾನದ ಕರಡು 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಬರೋ ಅವರ ಮೊದಲ ಅವಧಿಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತಿತ್ತು. ಪರವಾಗಿ 31 ಮತ, ವಿರುದ್ಧ 23. ಬೇಕಿದ್ದದ್ದು ನಾಲ್ಕರಲ್ಲಿ ಮೂರು ಭಾಗ. ಕರಡು ಬಿದ್ದುಹೋಯಿತು, ಜಮ್ಮೆ ಕಾಲದ 1997ರ ಸಂವಿಧಾನವೇ ಮುಂದುವರಿಯಿತು. ಅದರಲ್ಲಿ ಅಧ್ಯಕ್ಷರ ಅವಧಿಗೆ ಮಿತಿಯಿಲ್ಲ.